ಕೋಟಿ ಜನ ಕೇಳಿದ ಕೊಲೆ ಕೇಸು ಕೋರ್ಟಿನಲ್ಲಿ ಏನಾಗುತ್ತದೆ?

2025ರ ಮಾರ್ಚ್‌ನಲ್ಲಿ ಅಮೆರಿಕದ ಬಾಲ್ಟಿಮೋರ್‌ನಿಂದ ಬಂದ ಒಂದು ಸುದ್ದಿ ಬಹಳ ಜನರಿಗೆ ಅರ್ಥವೇ ಆಗಲಿಲ್ಲ. ಅದ್ನಾನ್ ಸೈಯದ್ ಎಂಬಾತ ಕೊಲೆ ಮಾಡಿದ್ದಾನೆ ಎಂಬ ತೀರ್ಪು ಹಾಗೇ ಉಳಿಯಿತು. ಜೀವಾವಧಿ ಶಿಕ್ಷೆಯಾಗಿದ್ದ ಆತ ಮಾತ್ರ ಮತ್ತೆ ಜೈಲಿಗೆ ಹೋಗಬೇಕಾಗಿಲ್ಲ ಎಂದು ಕೋರ್ಟ್ ಹೇಳಿತು. ಅಪರಾಧಿ ಅಂದಮೇಲೆ ಹೊರಗೆ ಯಾಕೆ ಬಿಟ್ಟರು? ನಿರಪರಾಧಿ ಆಗಿದ್ದರೆ ತೀರ್ಪನ್ನು ಯಾಕೆ ಉಳಿಸಿದರು?

ಈ ಕೇಸು ಜಗತ್ತಿಗೆಲ್ಲ ಗೊತ್ತಾಗಿದ್ದು 2014ರಲ್ಲಿ ಬಂದ 'ಸೀರಿಯಲ್' ಎಂಬ ಪಾಡ್‌ಕಾಸ್ಟ್‌ನಿಂದ, ಅಂದರೆ ಇಂಟರ್ನೆಟ್‌ನಲ್ಲಿ ಕೇಳುವ ಧ್ವನಿ ಕಾರ್ಯಕ್ರಮದಿಂದ. ಅದಾದ ಮೇಲೆ ಹಳೇ ಕೊಲೆಗಳನ್ನು ಕೆದಕಿ, ವಾರಕ್ಕೊಂದು ಕಂತಿನಂತೆ ಹೇಳುವ ಕಾರ್ಯಕ್ರಮಗಳು ಎಲ್ಲ ಭಾಷೆಗಳಲ್ಲೂ ಹುಟ್ಟಿಕೊಂಡವು. ಕನ್ನಡದ ಯೂಟ್ಯೂಬ್‌ನಲ್ಲೂ ಇವಕ್ಕೆ ಬರವಿಲ್ಲ. ಇವುಗಳಿಂದ ನ್ಯಾಯ ಸಿಗುತ್ತಾ, ಇಲ್ಲ ಇರುವ ಕೇಸೂ ಕೆಡುತ್ತಾ? ಎರಡೂ ಆಗಿದೆ. ಯಾವಾಗ ಯಾವುದು ಆಗುತ್ತದೆ ಎಂಬುದಕ್ಕೆ ಸ್ಪಷ್ಟವಾದ ಕಾರಣಗಳಿವೆ. ಅವನ್ನು ಒಂದೊಂದಾಗಿ ನೋಡೋಣ.

ಬಾಲ್ಟಿಮೋರ್‌ನ ಗೊಂದಲ ಬಿಡಿಸಿದರೆ

ಹೇ ಮಿನ್ ಲೀ 18 ವರ್ಷದ ಹೈಸ್ಕೂಲ್ ವಿದ್ಯಾರ್ಥಿನಿ. 1999ರ ಜನವರಿ 13ರಂದು ಕಾಣೆಯಾದಳು. ಮುಂದಿನ ತಿಂಗಳು ಲೀಕಿನ್ ಪಾರ್ಕ್ ಎಂಬಲ್ಲಿ ಶವ ಸಿಕ್ಕಿತು. ಹಿಂದೆ ಅವಳನ್ನು ಪ್ರೀತಿಸುತ್ತಿದ್ದ, ಆಗ 17 ವರ್ಷದವನಾಗಿದ್ದ ಅದ್ನಾನ್‌ಗೆ 2000ದಲ್ಲಿ ಜೀವಾವಧಿ ಶಿಕ್ಷೆಯಾಯಿತು. ಹದಿನಾಲ್ಕು ವರ್ಷದ ನಂತರ ಪಾಡ್‌ಕಾಸ್ಟ್ ಬಂತು. ಮೊಬೈಲ್ ಟವರ್ ದಾಖಲೆಗಳನ್ನು ನಂಬಬಹುದೇ, ಅವನ ಪರವಾಗಿ ಹೇಳಬಹುದಾಗಿದ್ದ ಸಾಕ್ಷಿಯನ್ನು ಅವನ ವಕೀಲರು ಯಾಕೆ ಮಾತಾಡಿಸಲಿಲ್ಲ ಎಂಬ ಪ್ರಶ್ನೆಗಳು ಎದ್ದವು. ಪಾಡ್‌ಕಾಸ್ಟ್ ಯಾವ ತೀರ್ಮಾನವನ್ನೂ ಕೊಡಲಿಲ್ಲ. ಕೇಳಿದ ಕೋಟ್ಯಂತರ ಜನ ತಾವೇ ತೀರ್ಮಾನ ಮಾಡಿಕೊಂಡರು.

ಆಮೇಲೆ ಕೋರ್ಟಿನಲ್ಲಿ ನಡೆದದ್ದು ದೊಡ್ಡ ಹಗ್ಗಜಗ್ಗಾಟ. 2016ರಲ್ಲಿ ಮರುವಿಚಾರಣೆಗೆ ಆದೇಶವಾಯಿತು. 2019ರಲ್ಲಿ ಮೇಲಿನ ಕೋರ್ಟ್ ಅದನ್ನು ರದ್ದು ಮಾಡಿತು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ವಕೀಲರೇ ಶಿಕ್ಷೆ ರದ್ದು ಮಾಡಿ ಎಂದು ಕೇಳಿದರು, ಅದ್ನಾನ್ ಹೊರಬಂದ. 2023ರಲ್ಲಿ ಆ ಬಿಡುಗಡೆಯ ಆದೇಶ ಬಿದ್ದುಹೋಯಿತು. 2024ರಲ್ಲಿ ಮೇರಿಲ್ಯಾಂಡ್ ರಾಜ್ಯದ ಸುಪ್ರೀಂ ಕೋರ್ಟ್ ಕೂಡ ನಾಲ್ಕಕ್ಕೆ ಮೂರರ ಬಹುಮತದಲ್ಲಿ ಅದನ್ನೇ ಎತ್ತಿಹಿಡಿಯಿತು.

ಯಾಕೆ ಬಿದ್ದುಹೋಯಿತು ಎಂಬುದೇ ಇಲ್ಲಿ ಮುಖ್ಯ. ಅದ್ನಾನ್ ಕೊಲೆ ಮಾಡಿದ್ದಾನೋ ಇಲ್ಲವೋ ಎಂಬ ಪ್ರಶ್ನೆಯನ್ನು ಆ ಕೋರ್ಟುಗಳು ಮುಟ್ಟಲೇ ಇಲ್ಲ. ಸೋಮವಾರದ ವಿಚಾರಣೆಗೆ ಸತ್ತ ಹುಡುಗಿಯ ಕುಟುಂಬಕ್ಕೆ ಹಿಂದಿನ ಶುಕ್ರವಾರವಷ್ಟೇ ತಿಳಿಸಲಾಗಿತ್ತು. ಅವಳ ಸಹೋದರ ಕ್ಯಾಲಿಫೋರ್ನಿಯಾದಲ್ಲಿದ್ದರು, ಜೂಮ್‌ನಲ್ಲಿ ಮಾತಾಡಬೇಕಾಯಿತು. ಕುಟುಂಬಕ್ಕೆ ಸರಿಯಾದ ಕಾಲಾವಕಾಶ ಕೊಟ್ಟಿಲ್ಲ, ಆದ್ದರಿಂದ ಆ ಪ್ರಕ್ರಿಯೆಯೇ ಸರಿಯಿಲ್ಲ ಎಂದು ಕೋರ್ಟ್ ಹೇಳಿತು. 2025ರಲ್ಲಿ ಹೊಸ ಸರ್ಕಾರಿ ವಕೀಲರು ಹಿಂದಿನವರು ಹಾಕಿದ್ದ ಅರ್ಜಿಯಲ್ಲಿ ತಪ್ಪು ಮಾಹಿತಿ ಇದೆ ಎಂದು ಅದನ್ನು ವಾಪಸ್ ಪಡೆದರು. ಹೀಗಾಗಿ ತೀರ್ಪು ಉಳಿಯಿತು. ಆದರೆ ಅಪ್ರಾಪ್ತರಾಗಿದ್ದಾಗ ಮಾಡಿದ ಅಪರಾಧಕ್ಕೆ ಶಿಕ್ಷೆಗೆ ಒಳಗಾಗಿ 20 ವರ್ಷಕ್ಕಿಂತ ಹೆಚ್ಚು ಜೈಲಿನಲ್ಲಿ ಕಳೆದವರ ಶಿಕ್ಷೆ ಇಳಿಸಲು ಅಲ್ಲಿ ಬೇರೆಯೇ ಒಂದು ಕಾನೂನಿದೆ. ಅದರ ಅಡಿ ಇಷ್ಟು ವರ್ಷದ ಜೈಲುವಾಸ ಸಾಕು ಎಂದು ನ್ಯಾಯಾಧೀಶೆ ಹೇಳಿ, ಐದು ವರ್ಷ ನಿಗಾದಲ್ಲಿ ಇರಬೇಕೆಂದು ಆದೇಶಿಸಿದರು.

ಅಂದರೆ ಪಾಡ್‌ಕಾಸ್ಟ್ ಎತ್ತಿದ ಪ್ರಶ್ನೆ ಒಂದು, ಕೋರ್ಟ್ ಉತ್ತರಿಸಿದ ಪ್ರಶ್ನೆ ಇನ್ನೊಂದು. ಅವಳನ್ನು ಕೊಂದವರು ಯಾರು ಎಂಬ ಕುತೂಹಲದಿಂದ ಹತ್ತು ವರ್ಷ ಕಾದ ಕೇಳುಗರಿಗೆ ಸಿಕ್ಕಿದ್ದು ನೋಟಿಸ್ ಮತ್ತು ಶಿಕ್ಷೆಯ ಅವಧಿಯ ಬಗೆಗಿನ ಉತ್ತರ. ಗೊಂದಲ ಹುಟ್ಟಿದ್ದೇ ಇಲ್ಲಿ.

ಕೇಸು ತಣ್ಣಗಾಗುವುದು ಹೇಗೆ

ಹಳೇ ಕೇಸುಗಳೆಲ್ಲ ಒಂದೇ ಥರ ಅಲ್ಲ. ಕೆಲವಲ್ಲಿ ಪೊಲೀಸರಿಗೆ ಯಾರ ಮೇಲೆ ಅನುಮಾನ ಪಡಬೇಕು ಎಂಬುದೇ ಗೊತ್ತಿರುವುದಿಲ್ಲ. ಕೆಲವಲ್ಲಿ ಊರಿಗೆಲ್ಲ ಒಬ್ಬನ ಮೇಲೆ ಅನುಮಾನ ಇರುತ್ತದೆ, ಪುರಾವೆ ಇರುವುದಿಲ್ಲ. ಮೂರನೆಯದು ಅದ್ನಾನ್ ಕೇಸಿನಂಥದ್ದು: ಶಿಕ್ಷೆಯಾಗಿದೆ, ಶಿಕ್ಷೆ ಸರಿಯೇ ಎಂಬ ಸಂಶಯ ಉಳಿದಿದೆ.

ಕರ್ನಾಟಕದಲ್ಲಿ ಆರೋಪಿ ಪತ್ತೆಯಾಗದ ಕೇಸುಗಳಲ್ಲಿ ಪೊಲೀಸರು ಕೋರ್ಟಿಗೆ 'ಸಿ ರಿಪೋರ್ಟ್' ಹಾಕುತ್ತಾರೆ. ಅಲ್ಲಿಗೆ ಫೈಲು ಮುಚ್ಚಿಹೋಯಿತು ಎಂದೇ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಹೊಸ ಪುರಾವೆ ಸಿಕ್ಕರೆ ಮುಂದುವರಿದ ತನಿಖೆ ನಡೆಸಲು ಕಾನೂನಿನಲ್ಲಿ ಅವಕಾಶ ಇದೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆ ಅಂದರೆ ಸಿಆರ್‌ಪಿಸಿಯ 173(8)ನೇ ಕಲಂ, ಈಗ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ ಕಾನೂನಿನ 193(9). ಕೊಲೆಗೆ ಕಾಲಮಿತಿಯೂ ಇಲ್ಲ. ಇಪ್ಪತ್ತು ವರ್ಷದ ನಂತರವೂ ಕೇಸು ನಡೆಸಬಹುದು.

ಕಷ್ಟ ಇರುವುದು ಬೇರೆ ಕಡೆ. ತನಿಖಾಧಿಕಾರಿ ವರ್ಗವಾಗುತ್ತಾರೆ, ನಿವೃತ್ತರಾಗುತ್ತಾರೆ. ಮಹಜರಿಗೆ ಸಹಿ ಹಾಕಿದ ಪಂಚರು ಊರು ಬಿಟ್ಟಿರುತ್ತಾರೆ. ವಶಪಡಿಸಿಕೊಂಡ ಬಟ್ಟೆ, ಚಾಕು, ಕೂದಲು ಮುದ್ದೆಮಾಲಿನ ಕೋಣೆಯಲ್ಲಿ ತೇವಕ್ಕೆ ಸಿಕ್ಕಿ ಹಾಳಾಗಿರುತ್ತವೆ. ಡಿಎನ್‌ಎ ಪರೀಕ್ಷೆ ಎಷ್ಟೇ ಮುಂದುವರಿದರೂ ಪರೀಕ್ಷೆಗೆ ವಸ್ತುವೇ ಉಳಿದಿರದಿದ್ದರೆ ಏನೂ ಮಾಡಲಾಗದು. ಈ ನಷ್ಟವನ್ನು ಯಾವ ಪಾಡ್‌ಕಾಸ್ಟೂ ತುಂಬಿಕೊಡಲಾರದು. ಅದು ತುಂಬಬಲ್ಲ ಜಾಗ ಒಂದೇ: ಗೊತ್ತಿದ್ದೂ ಬಾಯಿ ಬಿಡದ ಜನ.

ಬಾಯಿ ಬಿಟ್ಟವರು

ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೋದಲ್ಲಿ 19 ವರ್ಷದ ಕ್ರಿಸ್ಟಿನ್ ಸ್ಮಾರ್ಟ್ 1996ರ ಮೇ ತಿಂಗಳಲ್ಲಿ ಪಾರ್ಟಿಯೊಂದರಿಂದ ಹಾಸ್ಟೆಲಿಗೆ ಹೊರಟವಳು ಕಾಣೆಯಾದಳು. ಜೊತೆಗೆ ನಡೆದು ಹೋದ ಸಹಪಾಠಿ ಪಾಲ್ ಫ್ಲೋರೆಸ್ ಮೇಲೆ ಮೊದಲಿಂದಲೂ ಅನುಮಾನ ಇತ್ತು. ಶವ ಮಾತ್ರ ಸಿಗಲಿಲ್ಲ. ಸಂಗೀತಗಾರ ಕ್ರಿಸ್ ಲ್ಯಾಂಬರ್ಟ್ 2019ರಲ್ಲಿ ಈ ಕೇಸಿನ ಬಗ್ಗೆ ಪಾಡ್‌ಕಾಸ್ಟ್ ಶುರು ಮಾಡಿದರು. ಅದನ್ನು ಕೇಳಿ ಹೊಸ ಸಾಕ್ಷಿಗಳು ಮುಂದೆ ಬಂದರು. ಅಲ್ಲಿನ ಶೆರಿಫ್ ಇದನ್ನು ಬಹಿರಂಗವಾಗಿಯೇ ಒಪ್ಪಿಕೊಂಡರು. 2021ರಲ್ಲಿ ಬಂಧನ, 2022ರ ಅಕ್ಟೋಬರ್‌ನಲ್ಲಿ ಕೊಲೆ ಸಾಬೀತು, 2023ರಲ್ಲಿ 25 ವರ್ಷದಿಂದ ಜೀವಾವಧಿವರೆಗಿನ ಶಿಕ್ಷೆ. ಶವ ಇಂದಿಗೂ ಸಿಕ್ಕಿಲ್ಲ.

ಇದು ಹೇಗೆ ಸಾಧ್ಯವಾಯಿತು? ಇಪ್ಪತ್ತು ವರ್ಷ ಕಳೆದಾಗ ಮನುಷ್ಯರ ಸಂಬಂಧಗಳು ಬದಲಾಗಿರುತ್ತವೆ. ಆಗ ಗೆಳೆಯನಾಗಿದ್ದವನು ಈಗ ದೂರವಾಗಿರುತ್ತಾನೆ. ಆಗ ಹೆದರುತ್ತಿದ್ದ ಹೆಂಗಸು ಈಗ ಬೇರೆ ಊರಿನಲ್ಲಿ ಧೈರ್ಯವಾಗಿ ಬದುಕುತ್ತಿರುತ್ತಾಳೆ. ತಾನು ಕೇಳಿದ ಒಂದು ಮಾತು ಇಷ್ಟು ಮುಖ್ಯ ಅಂತ ಅವಳಿಗೆ ಗೊತ್ತೇ ಇರುವುದಿಲ್ಲ. ಪೊಲೀಸರು ಅಂಥವರನ್ನು ಹುಡುಕಿಕೊಂಡು ಹೋಗುವುದು ಕಷ್ಟ, ಏಕೆಂದರೆ ಯಾರನ್ನು ಹುಡುಕಬೇಕು ಎಂಬುದೇ ಗೊತ್ತಿಲ್ಲ. ಧ್ವನಿ ಅವರ ಮನೆಗೇ ಹೋಗಿ ತಲುಪುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಜೊತೆಗೇ ಬಂತು. ಪ್ರಚಾರ ಜಾಸ್ತಿಯಾದ್ದರಿಂದ ಅದೇ ಊರಿನಲ್ಲಿ ನಿಷ್ಪಕ್ಷಪಾತಿ ಜ್ಯೂರಿ (ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರ ತಂಡ) ಸಿಗುವುದು ಕಷ್ಟ ಎಂದು ವಿಚಾರಣೆಯನ್ನು ಪಕ್ಕದ ಮಾಂಟೆರೆ ಕೌಂಟಿಗೆ ಸಾಗಿಸಬೇಕಾಯಿತು.

ಸಿಡ್ನಿಯಲ್ಲಿ ವಿಚಾರಣೆಯೇ ನಿಂತಿತು

ಪ್ರಚಾರದ ಲಾಭ-ನಷ್ಟ ಎರಡನ್ನೂ ಒಂದೇ ಕೇಸಿನಲ್ಲಿ ನೋಡಬೇಕೆಂದರೆ ಆಸ್ಟ್ರೇಲಿಯಾದ ಲಿನೆಟ್ ಡಾಸನ್ ಕೊಲೆ ಪ್ರಕರಣ ನೋಡಬೇಕು. ಲಿನೆಟ್‌ಗೆ ಇಬ್ಬರು ಪುಟ್ಟ ಹೆಣ್ಣುಮಕ್ಕಳು. 1982ರ ಜನವರಿಯಲ್ಲಿ ಸಿಡ್ನಿಯ ಬೇವ್ಯೂನಲ್ಲಿದ್ದ ಮನೆಯಿಂದ ಕಾಣೆಯಾದರು. ಗಂಡ ಕ್ರಿಸ್ ಡಾಸನ್ ಹಿಂದೆ ರಗ್ಬಿ ಆಟಗಾರ, ಆಗ ಪಿಟಿ ಮೇಷ್ಟ್ರು. ಹೆಂಡತಿ ಕಾಣೆಯಾಗಿದ್ದಾಳೆ ಎಂದು ಪೊಲೀಸರಿಗೆ ತಿಳಿಸಿದ್ದು ಸುಮಾರು ಆರು ವಾರದ ನಂತರ. ಅಷ್ಟರೊಳಗೆ, ಅವನೇ ಪಾಠ ಮಾಡಿದ್ದ ಹದಿಹರೆಯದ ಹುಡುಗಿ ಆ ಮನೆಗೆ ಬಂದು ಸೇರಿದ್ದಳು.

2001 ಮತ್ತು 2003ರಲ್ಲಿ ಎರಡು ಬಾರಿ ಕೊರೋನರ್‌ಗಳು, ಅಂದರೆ ಅನುಮಾನಾಸ್ಪದ ಸಾವುಗಳ ಕಾರಣ ವಿಚಾರಿಸುವ ಅಧಿಕಾರಿಗಳು, ವಿಚಾರಣೆ ನಡೆಸಿ, ಗೊತ್ತಿರುವ ವ್ಯಕ್ತಿಯೇ ಕೊಲೆ ಮಾಡಿದ್ದಾರೆ, ಕೇಸು ಹಾಕಿ ಎಂದರು. ಪುರಾವೆ ಸಾಲದು ಎಂದು ಸರ್ಕಾರಿ ವಕೀಲರು ಎರಡು ಸಲವೂ ಒಪ್ಪಲಿಲ್ಲ. 2018ರ ಮೇ ತಿಂಗಳಲ್ಲಿ ಪತ್ರಕರ್ತ ಹೆಡ್ಲಿ ಥಾಮಸ್ 'ದಿ ಟೀಚರ್ಸ್ ಪೆಟ್' ಪಾಡ್‌ಕಾಸ್ಟ್ ಶುರು ಮಾಡಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪೊಲೀಸರು ಆ ಹಳೇ ಮನೆಯ ಅಂಗಳ ಅಗೆದರು. ಏನೂ ಸಿಗಲಿಲ್ಲ. ಡಿಸೆಂಬರ್ 5ರಂದು ಡಾಸನ್ ಬಂಧನವಾಯಿತು.

ಪಾಡ್‌ಕಾಸ್ಟ್ ಕೊಲೆಗಾರನನ್ನು ಹಿಡಿಯಿತು ಎಂದು ಜಗತ್ತು ಮೆಚ್ಚಿತು. ಆದರೆ ಪೊಲೀಸರು 2015ರಲ್ಲೇ ಹೊಸದಾಗಿ ತನಿಖೆ ಶುರು ಮಾಡಿದ್ದರು. ಹೊಸ ಕಡತ ಸರ್ಕಾರಿ ವಕೀಲರ ಕೈ ಸೇರಿದ್ದು 2018ರ ಏಪ್ರಿಲ್‌ನಲ್ಲಿ, ಅಂದರೆ ಮೊದಲ ಕಂತಿಗೂ ಮುಂಚೆ. ಪಾಡ್‌ಕಾಸ್ಟ್ ಒತ್ತಡ ತಂದಿತು, ಮರೆತ ಕೇಸನ್ನು ಮತ್ತೆ ಜನರ ಬಾಯಿಗೆ ತಂದಿತು, ಅದರಲ್ಲಿ ಅನುಮಾನವಿಲ್ಲ. ಅದರಿಂದಲೇ ಕೇಸು ಬಗೆಹರಿಯಿತು ಎಂದರೆ ಮಾತ್ರ ವರ್ಷಗಟ್ಟಲೆ ಕಡತ ಕಟ್ಟಿದವರಿಗೆ ಅನ್ಯಾಯವಾಗುತ್ತದೆ.

ಬಂಧನದ ನಂತರ ನಿಜವಾದ ತಾಪತ್ರಯ ಶುರುವಾಯಿತು. 2019ರಲ್ಲಿ ಪಾಡ್‌ಕಾಸ್ಟನ್ನು ಆಸ್ಟ್ರೇಲಿಯಾದೊಳಗೆ ಯಾರೂ ಕೇಳದಂತೆ ತೆಗೆಯಬೇಕಾಯಿತು. ಇಷ್ಟು ಪ್ರಚಾರವಾದ ಮೇಲೆ ನ್ಯಾಯವಾದ ವಿಚಾರಣೆ ಅಸಾಧ್ಯ, ಕೇಸನ್ನೇ ಶಾಶ್ವತವಾಗಿ ನಿಲ್ಲಿಸಿ ಎಂದು ಡಾಸನ್ ವಕೀಲರು ವಾದಿಸಿದರು. ಶಾಶ್ವತ ತಡೆ ಸಿಗಲಿಲ್ಲ. ಆದರೆ ಜನರ ಮನಸ್ಸು ತಿಳಿಯಾಗಲಿ ಎಂದು 2020ರಲ್ಲಿ ಕೋರ್ಟ್ ತಾತ್ಕಾಲಿಕ ತಡೆ ಕೊಟ್ಟಿತು. ಈ ಹೋರಾಟ ಆ ದೇಶದ ಅತ್ಯುನ್ನತ ಕೋರ್ಟ್ ಆದ ಹೈಕೋರ್ಟ್‌ವರೆಗೆ ಹೋಗಿ ಮುಗಿದದ್ದು 2022ರಲ್ಲಿ. ಮೂವತ್ತಾರು ವರ್ಷ ಕಾದ ಲಿನೆಟ್ ಕುಟುಂಬ ಮತ್ತೆ ಮೂರೂವರೆ ವರ್ಷ ಕಾಯಿತು. ಕೊನೆಗೆ ಜ್ಯೂರಿ ಇಲ್ಲದೆ ನ್ಯಾಯಮೂರ್ತಿ ಇಯಾನ್ ಹ್ಯಾರಿಸನ್ ಒಬ್ಬರೇ ವಿಚಾರಣೆ ನಡೆಸಿದರು. 2022ರ ಆಗಸ್ಟ್ 30ರಂದು ಗಂಟೆಗಟ್ಟಲೆ ತೀರ್ಪು ಓದಿ ಡಾಸನ್ ಅಪರಾಧಿ ಎಂದರು. 24 ವರ್ಷ ಶಿಕ್ಷೆಯಾಯಿತು. 2024ರಲ್ಲಿ ಮೇಲ್ಮನವಿಯೂ ವಜಾ ಆಯಿತು.

ಆ ತೀರ್ಪು ಯಾವುದರ ಮೇಲೆ ನಿಂತಿದೆ ಎಂಬುದನ್ನು ನೋಡಿ. ಗಂಡ ಬಾಡಿಗೆ ಕೊಲೆಗಾರನನ್ನು ಹುಡುಕಿದ್ದ ಎಂಬ ಮೈ ಜುಮ್ಮೆನ್ನಿಸುವ ಆರೋಪವನ್ನು ನ್ಯಾಯಮೂರ್ತಿ ಒಪ್ಪಲಿಲ್ಲ. ಅವರು ತೂಗಿ ನೋಡಿದ್ದು ಸಪ್ಪೆ ಅನ್ನಿಸುವ ಸಂಗತಿಗಳನ್ನು. ಮಕ್ಕಳನ್ನು ಅಷ್ಟು ಹಚ್ಚಿಕೊಂಡಿದ್ದ ತಾಯಿ ಹುಟ್ಟುಹಬ್ಬಕ್ಕೂ ಒಂದು ಕರೆ ಮಾಡಲಿಲ್ಲ. ತನ್ನ ತಾಯಿಯನ್ನು ನೋಡಲು ಹೋಗಬೇಕಾಗಿದ್ದವರು ಹೋಗಲಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಮನೆಯಲ್ಲೇ ಉಳಿದಿದ್ದವು. ಅವಳೇ ಫೋನ್ ಮಾಡಿದ್ದಳು ಎಂದು ಗಂಡ ಹೇಳಿದ್ದು ಸುಳ್ಳು ಎಂದು ಕೋರ್ಟಿಗೆ ಅನ್ನಿಸಿತು. ಪಾಡ್‌ಕಾಸ್ಟ್ ಒಂದು ಕಡೆಗೆ ವಾಲಿತ್ತು, ಕೆಲವು ಸಾಕ್ಷ್ಯಗಳ ಬೆಲೆಯನ್ನು ಅದು ತಗ್ಗಿಸಿರಬಹುದು ಎಂಬ ಮಾತೂ ತೀರ್ಪಿನಲ್ಲಿದೆ.

ನೆನಪು ಕೆಡುವ ಬಗೆ

ಸಾಕ್ಷ್ಯದ ಬೆಲೆ ತಗ್ಗುವುದು ಅಂದರೇನು? ಮೂವತ್ತು ವರ್ಷದ ಹಿಂದೆ ನೋಡಿದ್ದನ್ನು ಹೇಳುವ ಸಾಕ್ಷಿಯನ್ನು ಕೋರ್ಟ್ ಮೊದಲೇ ಎಚ್ಚರದಿಂದ ನೋಡುತ್ತದೆ. ಆ ಸಾಕ್ಷಿ ಪಾಡ್‌ಕಾಸ್ಟಿನ ಹದಿನೈದು ಕಂತು ಕೇಳಿ ಬಂದಿದ್ದರೆ, ಎದುರು ವಕೀಲರ ಮೊದಲ ಪ್ರಶ್ನೆಯೇ ಅದು: ಇದು ನೀವು ನೋಡಿದ್ದಾ, ಕೇಳಿದ್ದಾ? ಸಾಕ್ಷಿ ಸುಳ್ಳು ಹೇಳುತ್ತಿರಬೇಕಿಲ್ಲ. ಕೇಳಿದ ವಿವರ ನಿಧಾನವಾಗಿ ಸ್ವಂತ ನೆನಪಿನೊಳಗೆ ಸೇರಿಕೊಳ್ಳುತ್ತದೆ. ಮನುಷ್ಯನ ನೆನಪು ಇರುವುದೇ ಹಾಗೆ. ಇದನ್ನು ತಪ್ಪಿಸಲೆಂದೇ ಪೊಲೀಸರು ಕೆಲವು ವಿವರಗಳನ್ನು ಹೊರಗೆ ಬಿಡುವುದಿಲ್ಲ. ಕೊಲೆಗಾರನಿಗೆ ಮಾತ್ರ ಗೊತ್ತಿರಬೇಕಾದ ಸಂಗತಿ ಎಲ್ಲರಿಗೂ ಗೊತ್ತಾದರೆ, ಸುಳ್ಳು ತಪ್ಪೊಪ್ಪಿಗೆಯನ್ನು ನಿಜದಿಂದ ಬೇರ್ಪಡಿಸುವ ದಾರಿಯೇ ಮುಚ್ಚಿಹೋಗುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವಂಥದ್ದು. 2022ರ ನವೆಂಬರ್‌ನಲ್ಲಿ ಅಮೆರಿಕದ ಐಡಾಹೋದಲ್ಲಿ ನಾಲ್ವರು ವಿದ್ಯಾರ್ಥಿಗಳ ಕೊಲೆಯಾಯಿತು. ಟ್ಯಾರೋ ಕಾರ್ಡ್ ನೋಡಿ ಗೊತ್ತಾಯಿತು ಎಂದು ಒಬ್ಬರು ಟಿಕ್‌ಟಾಕ್‌ನಲ್ಲಿ ಅಲ್ಲಿನ ಇತಿಹಾಸದ ಪ್ರಾಧ್ಯಾಪಕಿಯೊಬ್ಬರನ್ನೇ ಕೊಲೆಗೆ ಗಂಟು ಹಾಕಿದರು. ಆ ಪ್ರಾಧ್ಯಾಪಕಿಗೂ ಕೊಲೆಗೂ ಏನೂ ಸಂಬಂಧವಿರಲಿಲ್ಲ. ಬೇರೊಬ್ಬ 2025ರಲ್ಲಿ ತಪ್ಪೊಪ್ಪಿಕೊಂಡ. ಅದಕ್ಕೂ ಮೊದಲೇ ಕೋರ್ಟ್ ಆ ವಿಡಿಯೊಗಳು ಮಾನಹಾನಿ ಎಂದು ಹೇಳಿತ್ತು.

ಸರ್ಕಾರಿ ವಕೀಲರ ಕೆಲಸವನ್ನೇ ಪರೀಕ್ಷಿಸಿದಾಗ

ಪಾಡ್‌ಕಾಸ್ಟ್ ತನಿಖೆಯ ಅತ್ಯುತ್ತಮ ಉದಾಹರಣೆ, ನನ್ನ ಅಭಿಪ್ರಾಯದಲ್ಲಿ, ಮಿಸಿಸಿಪ್ಪಿಯ ಕರ್ಟಿಸ್ ಫ್ಲವರ್ಸ್ ಕೇಸು. 1996ರಲ್ಲಿ ವಿನೋನಾ ಎಂಬ ಸಣ್ಣ ಊರಿನ ಫರ್ನಿಚರ್ ಅಂಗಡಿಯಲ್ಲಿ ನಾಲ್ವರ ಕೊಲೆಯಾಯಿತು. ಕರಿಯ ಸಮುದಾಯದ ಫ್ಲವರ್ಸ್ ಮೇಲೆ ಒಬ್ಬರೇ ಸರ್ಕಾರಿ ವಕೀಲರು ಆರು ಸಲ ವಿಚಾರಣೆ ನಡೆಸಿದರು. 'ಇನ್ ದ ಡಾರ್ಕ್' ತಂಡ ಆ ಪ್ರದೇಶಕ್ಕೇ ಹೋಗಿ ತಿಂಗಳುಗಟ್ಟಲೆ ನೆಲೆಸಿತು. ನಿಜವಾದ ಕೊಲೆಗಾರ ಇವನೇ ಎಂದು ಯಾರನ್ನೂ ತೋರಿಸಲಿಲ್ಲ. ಕೋರ್ಟುಗಳ ನೆಲಮಾಳಿಗೆಗಳಲ್ಲಿದ್ದ ದಾಖಲೆ ತೆಗೆದು, ಆ ವಕೀಲರ ಕಚೇರಿ ನಡೆಸಿದ 225 ವಿಚಾರಣೆಗಳಲ್ಲಿ ಜ್ಯೂರಿಯಿಂದ ಯಾರನ್ನು ಕೈಬಿಟ್ಟಿದ್ದಾರೆ ಎಂದು ಲೆಕ್ಕ ಹಾಕಿತು. ಬಿಳಿಯರಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಪ್ರಮಾಣದಲ್ಲಿ ಕರಿಯರನ್ನು ಕೈಬಿಡಲಾಗಿತ್ತು. ಫ್ಲವರ್ಸ್ ತನ್ನೆದುರು ತಪ್ಪೊಪ್ಪಿಕೊಂಡಿದ್ದ ಎಂದಿದ್ದ ಜೈಲಿನ ಸಾಕ್ಷಿ, ತಾನು ಹೇಳಿದ್ದು ಸುಳ್ಳು ಎಂದು ಅದೇ ತಂಡದ ಮುಂದೆ ಒಪ್ಪಿಕೊಂಡ. 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜ್ಯೂರಿ ಆಯ್ಕೆಯ ತಾರತಮ್ಯದ ಕಾರಣಕ್ಕೆ ಶಿಕ್ಷೆ ರದ್ದು ಮಾಡಿತು. 2020ರಲ್ಲಿ ಕೇಸನ್ನೇ ಕೈಬಿಡಲಾಯಿತು.

ಇಲ್ಲಿ ತಂಡದ ಕಣ್ಣಿದ್ದದ್ದು ಅಧಿಕಾರ ಇರುವವರ ಮೇಲೆ, ದಾಖಲೆಯ ಮೇಲೆ. ದಾಖಲೆಯನ್ನು ಯಾರು ಬೇಕಾದರೂ ತಿರುಗಿ ಪರೀಕ್ಷಿಸಬಹುದು. ಒಬ್ಬ ಖಾಸಗಿ ವ್ಯಕ್ತಿಯ ಮೇಲೆ ಬೆರಳು ತೋರಿಸಿದರೆ ಆ ಅನುಕೂಲ ಇಲ್ಲ. ತಪ್ಪಾದರೆ ವಾಪಸ್ ಪಡೆಯುವುದು ಹೇಗೆ?

ನಮ್ಮಲ್ಲಿ ಏನಾಗುತ್ತದೆ

ಭಾರತದಲ್ಲಿ ಜ್ಯೂರಿ ಇಲ್ಲ, ನ್ಯಾಯಾಧೀಶರೇ ತೀರ್ಪು ಕೊಡುತ್ತಾರೆ. ಹಾಗಾಗಿ ಪ್ರಚಾರದಿಂದ ತೊಂದರೆ ಕಡಿಮೆ ಎಂಬ ವಾದ ಇದೆ. ಅರ್ಧ ಮಾತ್ರ ನಿಜ. ಸಾಕ್ಷಿಗಳು ನಮ್ಮ ನಿಮ್ಮಂಥ ಜನರೇ ಅಲ್ವಾ? ತನಿಖಾಧಿಕಾರಿಗಳ ಮೇಲೂ ಬೇಗ ಯಾರನ್ನಾದರೂ ಹಿಡಿಯಿರಿ ಎಂಬ ಒತ್ತಡ ಬೀಳುತ್ತದೆ. ವಿಚಾರಣೆಗೆ ಧಕ್ಕೆಯಾಗುವ ಅಪಾಯ ಇದ್ದರೆ ಪ್ರಕಟಣೆಯನ್ನು ಕೆಲವು ಕಾಲ ಮುಂದೂಡಲು ಕೋರ್ಟುಗಳು ಆದೇಶಿಸಬಹುದು ಎಂದು ಸುಪ್ರೀಂ ಕೋರ್ಟ್ 2012ರ ಸಹಾರಾ ತೀರ್ಪಿನಲ್ಲಿ ಹೇಳಿದೆ. ಆರೋಪಿಯೇ ಸಿಗದ ಕೇಸಿನಲ್ಲಿ ವಿಚಾರಣೆಯೇ ಇರುವುದಿಲ್ಲವಾದ್ದರಿಂದ, ಹಳೇ ಕೇಸಿನ ವಿಡಿಯೊ ಮಾಡುವವರಿಗೆ ಹೆಚ್ಚಾಗಿ ಎದುರಾಗುವುದು ಮಾನನಷ್ಟದ ದಾವೆ ಮತ್ತು ತಡೆಯಾಜ್ಞೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೇಳುವುದಂತೂ ಅಪರಾಧ. ಅವರು ಸತ್ತಿದ್ದರೂ ಈ ರಕ್ಷಣೆ ಇದೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಇದನ್ನು ನಮ್ಮ ಚಾನೆಲ್‌ಗಳು ಮೀರಿದ್ದೂ ಇದೆ.

ನಮ್ಮಲ್ಲೇ ತಣ್ಣಗಾಗಿದ್ದ ಕೊಲೆ ಕೇಸೊಂದು ಮತ್ತೆ ಜೀವ ಪಡೆದ ಬಗೆಯನ್ನೂ ನೋಡಬೇಕು. ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು. ಎರಡು ವರ್ಷ ತನಿಖೆ ಮುಂದೆ ಸಾಗಲಿಲ್ಲ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಕೊಲೆಯಾಯಿತು. ಎರಡೂ ಕಡೆ ಸಿಕ್ಕ ಗುಂಡು, ಕಾಟ್ರಿಜ್‌ಗಳನ್ನು ವಿಧಿವಿಜ್ಞಾನ ಪ್ರಯೋಗಾಲಯ ಪಕ್ಕಪಕ್ಕ ಇಟ್ಟು ನೋಡಿತು. 7.65 ಎಂಎಂನ ಒಂದೇ ನಾಡ ಪಿಸ್ತೂಲು ಎರಡಕ್ಕೂ ಬಳಕೆಯಾಗಿದೆ ಎಂಬ ವರದಿ ಬಂತು. 2019ರಲ್ಲಿ ಸುಪ್ರೀಂ ಕೋರ್ಟ್ ಕಲಬುರ್ಗಿ ಕೇಸನ್ನೂ ಗೌರಿ ಕೊಲೆಯ ತನಿಖೆ ನಡೆಸುತ್ತಿದ್ದ ವಿಶೇಷ ತನಿಖಾ ತಂಡಕ್ಕೇ (ಎಸ್‌ಐಟಿ) ವಹಿಸಿತು, ಅದೇ ವರ್ಷ ಚಾರ್ಜ್‌ಶೀಟ್ ಆಯಿತು. ಧಾರವಾಡದ ಕಾಟ್ರಿಜ್‌ಗಳನ್ನು ಯಾರೋ ಜೋಪಾನವಾಗಿ ಇಟ್ಟಿದ್ದರಿಂದ ಇದು ಸಾಧ್ಯವಾಯಿತು. ಪ್ರಚಾರ ಈ ಕೇಸಿಗೂ ಬೇಕಾದಷ್ಟು ಸಿಕ್ಕಿತ್ತು. ದಾರಿ ತೋರಿಸಿದ್ದು ಗುಂಡಿನ ಮೇಲಿನ ಗೀರು.

ಮೈಕಿನ ಮುಂದೆ, ಮ್ಯಾಜಿಸ್ಟ್ರೇಟ್ ಮುಂದೆ

ಹಳೇ ಕೊಲೆಯ ಬಗ್ಗೆ ಗೊತ್ತಿರುವವರು ಮೊದಲು ಯಾರ ಬಳಿ ಮಾತಾಡುತ್ತಾರೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಮೈಕಿನ ಮುಂದೆ ಹೇಳಿದ್ದು ಪ್ರಮಾಣ ಮಾಡಿ ಹೇಳಿದ ಮಾತಲ್ಲ. ಎದುರು ವಕೀಲರು ಪಾಟೀಸವಾಲು ಮಾಡಿರುವುದಿಲ್ಲ. ಕತ್ತರಿಸಿ, ಸಂಗೀತ ಸೇರಿಸಿದ ಕಂತು ಪುರಾವೆಯಾಗಿ ನಿಲ್ಲುವುದು ಬಲು ಕಷ್ಟ. ಕತ್ತರಿಸದ ಮೂಲ ರೆಕಾರ್ಡಿಂಗ್ ಬೇಕು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರ ಬೇಕು. ಬಹಳಷ್ಟು ಚಾನೆಲ್‌ಗಳು ಎಡಿಟ್ ಮುಗಿದ ಮೇಲೆ ಮೂಲವನ್ನೇ ಇಟ್ಟುಕೊಳ್ಳುವುದಿಲ್ಲ. ಅದೇ ಸಾಕ್ಷಿ ಆಮೇಲೆ ಕೋರ್ಟಿನಲ್ಲಿ ಒಂದು ತಾರೀಕು ಹೆಚ್ಚುಕಮ್ಮಿ ಹೇಳಿದರೂ, ಹಳೇ ವಿಡಿಯೊ ತೋರಿಸಿ ಅವರನ್ನು ಸುಳ್ಳರು ಎನ್ನುವುದು ಸುಲಭವಾಗುತ್ತದೆ.

ಮ್ಯಾಜಿಸ್ಟ್ರೇಟ್ ಮುಂದೆ ಬಿಎನ್‌ಎಸ್‌ಎಸ್‌ನ 183ನೇ ಕಲಂ ಅಡಿ ಕೊಡುವ ಹೇಳಿಕೆಗೆ ತೂಕ ಬರುವುದೇ ಅದರ ಹಿಂದೆ ಹೊಣೆ ಇರುವುದರಿಂದ. 2025ರ ಜುಲೈನಲ್ಲಿ ಧರ್ಮಸ್ಥಳದಲ್ಲಿ ಶವಗಳನ್ನು ಹೂಳಿದ್ದೆ ಎಂದು ದೂರು ಕೊಟ್ಟ ಮಾಜಿ ಸ್ವಚ್ಛತಾ ಕೆಲಸಗಾರ ಬೆಳ್ತಂಗಡಿ ನ್ಯಾಯಾಲಯದಲ್ಲಿ ಹೇಳಿಕೆ ಕೊಟ್ಟರು. ಸರ್ಕಾರ ಎಸ್‌ಐಟಿ ರಚಿಸಿತು, ಅಗೆತ ನಡೆಯಿತು. ಆಗಸ್ಟ್‌ನಲ್ಲಿ ಸುಳ್ಳು ಸಾಕ್ಷ್ಯದ ಆರೋಪದ ಮೇಲೆ ಅದೇ ದೂರುದಾರನ ಬಂಧನವಾಯಿತು. ಆ ಆರೋಪ ಸರಿಯೋ ತಪ್ಪೋ ಎಂಬುದನ್ನು ಕೋರ್ಟೇ ಹೇಳಬೇಕು. ಪ್ರಮಾಣ ಮಾಡಿ ಹೇಳಿದ ಮಾತಿಗೆ ಲೆಕ್ಕ ಕೊಡಬೇಕಾಗುತ್ತದೆ ಎಂಬುದು ಮಾತ್ರ ಎಲ್ಲರಿಗೂ ಕಂಡಿತು. ಅದೇ ತಿಂಗಳುಗಳಲ್ಲಿ ಎರಡೂ ಕಡೆಯಿಂದ ಬಂದ ನೂರಾರು ವಿಡಿಯೊಗಳಲ್ಲಿ ಆಡಿದ ಮಾತುಗಳಲ್ಲಿ ಎಷ್ಟಕ್ಕೆ ಲೆಕ್ಕ ಕೊಡಬೇಕಾಯಿತು?

ಹಾಗಾಗಿ ಹಳೇ ಕೇಸು ಕೈಗೆತ್ತಿಕೊಳ್ಳುವ ಪಾಡ್‌ಕಾಸ್ಟ್‌ನವರು ಹೊಸ ಸಾಕ್ಷಿ ಸಿಕ್ಕಾಗ ಮಾಡಬೇಕಾದ ಮೊದಲ ಕೆಲಸ ಮೈಕ್ ಆಫ್ ಮಾಡಿ ಅವರನ್ನು ವಕೀಲರ ಬಳಿಗೆ ಕರೆದೊಯ್ಯುವುದು. ಸಾಕ್ಷಿಗೆ ಜೀವಭಯ ಇದ್ದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಬಹುದು. ಆ ಯೋಜನೆಯನ್ನು ಸುಪ್ರೀಂ ಕೋರ್ಟ್ ಒಪ್ಪಿ, ದೇಶಕ್ಕೆಲ್ಲ ಅನ್ವಯಿಸಿದೆ. ಹೇಳಿಕೆ ದಾಖಲಾದ ಮೇಲೆ ಸಂದರ್ಶನ ಮಾಡಲಿ. ಒಂದು ಕಂತು ತಡವಾಗುತ್ತದೆ, ಸಾಕ್ಷ್ಯ ಉಳಿಯುತ್ತದೆ.